ಗೋಧಿ ಎಂದರೆ ಯಾವ ಗೋಧಿ?

ಮನೆಯ ಹಿರಿಯರೊಬ್ಬರಿಗೆ ಉರಿಮೂತ್ರದ ತೊಂದರೆಯಾದಾಗ, ಹಳೆಯ ಮನೆಮದ್ದಿನ ಪುಸ್ತಕವೊಂದರಲ್ಲಿ ‘ಜವೆಗೋಧಿಯನ್ನು ಚೆನ್ನಾಗಿ ಬೇಯಿಸಿ, ಸೋಸಿದ ನೀರನ್ನು ಕುಡಿಸಬೇಕು’ ಎಂದು ಓದಿ, ಧಾರವಾಡದ ಕಡೆಯಿಂದ ಬರಲಿದ್ದ ಚಿಕ್ಕಮ್ಮನಿಗೆ ಒಂದು ಕಿಲೋ ಜವೆಗೋಧಿ ತರುವಂತೆ ಫೋನಿನಲ್ಲಿ ಹೇಳಿದ್ದೆ. ಅವರು ತಂದದ್ದು ಕೆಂಪು ಛಾಯೆಯ, ಎರಡೂ ತುದಿ ಚೂಪಾದ ಉದ್ದನೆಯ ಕಾಳು. ಅದನ್ನು ಪುಸ್ತಕ ಹೇಳಿದಂತೆಯೇ ಕುದಿಸಿದೆ. ಬಾರ್ಲಿ ನೀರಿನ ಲೋಳೆ ಬರಲಿಲ್ಲ, ಬದಲಿಗೆ ಅಡುಗೆಮನೆಯಲ್ಲಿ ಹಬ್ಬದ ವಾಸನೆ ತುಂಬಿತು. ‘ಇದನ್ನ ಯಾರರ ಕುದಿಸಿ ನೀರ ಕುಡೀತಾರೇನ? ಬೆಲ್ಲ ಹಾಕಿ ಹುಗ್ಗಿ ಮಾಡಬೇಕ ಇದನ್ನ’ ಎಂದು ಚಿಕ್ಕಮ್ಮ ನಕ್ಕರು. ಅಂದು ತಪ್ಪಿದ್ದು ಪುಸ್ತಕವೂ ಅಲ್ಲ, ಚಿಕ್ಕಮ್ಮನೂ ಅಲ್ಲ. ಪುಸ್ತಕ ಬರೆದವರಿಗೆ ಜವೆಗೋಧಿ ಎಂದರೆ ಬಾರ್ಲಿ. ಚಿಕ್ಕಮ್ಮನ ಊರಿನಲ್ಲಿ ಜವೆಗೋಧಿ ಎಂದರೆ ಗೋಧಿಯದೇ ಒಂದು ಹಳೆಯ ಜಾತಿ. ಹೆಸರು ಒಂದೇ ಆದರೂ ಗಿಡ ಎರಡು.

ಗೋಧಿ ಎಂಬ ಪದದ ಸುತ್ತ ಕನ್ನಡದಲ್ಲಿ ಇಂತಹ ಗೋಜಲುಗಳು ಹಲವಿವೆ. ಅವುಗಳಲ್ಲಿ ಕೆಲವು ಬರೀ ಮಾತಿನ ಸ್ವಾರಸ್ಯಗಳಾದರೆ, ಇನ್ನು ಕೆಲವು ಆರೋಗ್ಯಕ್ಕೂ ಕೈಕಾಸಿಗೂ ಸಂಬಂಧಿಸಿದವು. ಆದ್ದರಿಂದ ಈ ಪದವನ್ನು ಅದರ ನೆಂಟರಾದ ಜವೆ, ಬಾರ್ಲಿ, ಸದಕ, ಕಣಕ, ರವೆ, ಮೈದಾ, ಬೂಸಾಗಳ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ.

ಮೊದಲು ‘ಜವೆ’. ಇದು ಸಂಸ್ಕೃತದ ‘ಯವ’ ಶಬ್ದದ ತದ್ಭವ. ಯಮುನೆ ಜಮುನೆಯಾದಂತೆ ಯವ ಜವೆಯಾಗಿದೆ. ಋಗ್ವೇದದಲ್ಲಿ ಯವದ ಮಾತು ಬರುತ್ತದೆ, ಗೋಧೂಮದ ಮಾತು ಬರುವುದಿಲ್ಲ. ಅಲ್ಲಿ ಯವವೆಂದರೆ ಬಾರ್ಲಿಯೇ ಇರಬಹುದು, ಒಟ್ಟಾರೆ ಧಾನ್ಯವೆಂಬ ಅರ್ಥವೂ ಇರಬಹುದು ಎಂದು ವಿದ್ವಾಂಸರು ಹೇಳುತ್ತಾರೆ. ಯಜುರ್ವೇದದ ಕಾಲಕ್ಕೆ ಬಂದರೆ ಎರಡೂ ಬೇರೆ ಬೇರೆಯಾಗಿ ನಿಂತಿವೆ. ನಮ್ಮ ಶಿವಾಲಯಗಳಲ್ಲಿ ರುದ್ರಾಭಿಷೇಕದ ಹೊತ್ತಿಗೆ ಇಂದಿಗೂ ಪಠಿಸುವ ಚಮಕದ ನಾಲ್ಕನೆಯ ಅನುವಾಕದಲ್ಲಿ ‘ವ್ರೀಹಯಶ್ಚ ಮೇ ಯವಾಶ್ಚ ಮೇ’ ಎಂದು ಭತ್ತ ಮತ್ತು ಯವದಿಂದ ಆರಂಭವಾದ ಬೇಡಿಕೆಯ ಪಟ್ಟಿ ಉದ್ದು, ಎಳ್ಳು, ಹೆಸರನ್ನು ದಾಟಿ ‘ಗೋಧೂಮಾಶ್ಚ ಮೇ’ ಎಂಬಲ್ಲಿಗೆ ಬರುತ್ತದೆ. ಯವವನ್ನು ಕೇಳಿದವನು ಗೋಧೂಮವನ್ನು ಮತ್ತೆ ಪ್ರತ್ಯೇಕವಾಗಿ ಕೇಳುತ್ತಿದ್ದಾನೆಂದರೆ, ಅವನ ಕಣ್ಣಿಗೆ ಅವೆರಡೂ ಬೇರೆ ಧಾನ್ಯಗಳು ಎಂದೇ ಅರ್ಥ. ಯವ ಪೂಜೆಗೆ, ತರ್ಪಣಕ್ಕೆ, ಕೊನೆಗೆ ಅಳತೆಗೂ ಒದಗಿತು: ಎಂಟು ಯವದ ಕಾಳಿನ ಮಧ್ಯಭಾಗಗಳನ್ನು ಒತ್ತಾಗಿ ಜೋಡಿಸಿದರೆ ಒಂದು ಅಂಗುಲ ಎಂಬುದು ಅರ್ಥಶಾಸ್ತ್ರದ ಲೆಕ್ಕ. ಗೋಧಿಗೆ ಆ ಗೌರವ ಸಿಗಲಿಲ್ಲ. ಅದಕ್ಕೆ ದೊರಕಿದ್ದು ನವಗ್ರಹ ಪೂಜೆಯಲ್ಲಿ ಸೂರ್ಯನ ಮುಂದಿನ ಕೆಂಪು ವಸ್ತ್ರದ ಮೇಲಿನ ಜಾಗ.

‘ಗೋಧೂಮ’ ಎಂಬ ಪದದ ಹುಟ್ಟನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ‘ಗೋ’ ಮತ್ತು ‘ಧೂಮ’ ಸೇರಿ ಆದದ್ದು, ಅಂದರೆ ಹಸುವಿನ ಹೊಗೆ ಎಂಬುದು. ಅರ್ಥವಾಗದ ಪದವನ್ನು ಅರ್ಥವಿರುವ ತುಂಡುಗಳಾಗಿ ಒಡೆಯುವುದು ಎಲ್ಲ ಭಾಷೆಗಳ ಚಾಳಿ. ಸಂಸ್ಕೃತದ ಉಣಾದಿ ಸೂತ್ರಗಳು ಹಸುವಿನ ತಂಟೆಗೆ ಹೋಗದೆ, ಸುತ್ತಿಕೊಳ್ಳು ಎಂಬ ಅರ್ಥದ ‘ಗುಧ್’ ಧಾತುವಿನಿಂದ ಇದನ್ನು ಸಾಧಿಸುತ್ತವೆ. ಭಾಷಾಶಾಸ್ತ್ರಜ್ಞರು ನೋಡುವುದು ಪಶ್ಚಿಮದ ಕಡೆಗೆ: ಪಾರ್ಸಿಯಲ್ಲಿ ಗೋಧಿಗೆ ‘ಗಂದುಮ್’, ಅವೆಸ್ತಾದ ಭಾಷೆಯಲ್ಲಿ ‘ಗಂತುಮ’. ಗೋಧಿಯ ತವರು ಪಶ್ಚಿಮ ಏಷ್ಯಾ. ಬೆಳೆಯ ಜೊತೆಯಲ್ಲೇ ಬೆಳೆಯ ಹೆಸರೂ ಅಲ್ಲಿಂದ ಹೊರಟು, ಇರಾನಿನ ದಾರಿಯಲ್ಲಿ ಒಂದು ರೂಪವನ್ನೂ ಭಾರತದಲ್ಲಿ ಮತ್ತೊಂದು ರೂಪವನ್ನೂ ಪಡೆಯಿತು, ಇಲ್ಲಿಗೆ ಬಂದಾಗ ಜನ ಅದರಲ್ಲಿ ತಮಗೆ ಪರಿಚಿತವಾದ ‘ಗೋ’ವನ್ನು ಕೇಳಿಸಿಕೊಂಡರು ಎಂಬ ವಿವರಣೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಮುಂದೆ ಇದೇ ಪದ ಹಿಂದಿಯಲ್ಲಿ ಗೇಹೂಂ, ಮರಾಠಿಯಲ್ಲಿ ಗಹೂ, ತಮಿಳಿನಲ್ಲಿ ಗೋದುಮೈ, ತೆಲುಗಿನಲ್ಲಿ ಗೋಧುಮಲು, ಮಲಯಾಳದಲ್ಲಿ ಗೋದಂಬು ಆಯಿತು. ಕನ್ನಡ ಮಾತ್ರ ಬಾಲವನ್ನು ಪೂರ್ತಿ ಕತ್ತರಿಸಿ ‘ಗೋಧಿ’ ಎಂದಿತು. ಆಡುಮಾತು ಮಹಾಪ್ರಾಣವನ್ನೂ ಬಿಟ್ಟು ‘ಗೋದಿ’ ಎನ್ನುತ್ತದೆ. ಬರವಣಿಗೆಯಲ್ಲಿ ಎರಡೂ ರೂಪಗಳು ಕಾಣಸಿಗುತ್ತವೆ, ಎರಡನ್ನೂ ತಪ್ಪೆನ್ನಲು ಕಾರಣವಿಲ್ಲ.

ಹೆಸರು ಹೊರಗಿನದೆಂದ ಮಾತ್ರಕ್ಕೆ ಕಾಳು ಇಲ್ಲಿಗೆ ಹೊಸದಲ್ಲ. ಬಳ್ಳಾರಿ ಬಳಿಯ ಸಂಗನಕಲ್ಲಿನಂತಹ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಕಾದ ಗೋಧಿ ಮತ್ತು ಬಾರ್ಲಿ ಕಾಳುಗಳು ಅಲ್ಪ ಪ್ರಮಾಣದಲ್ಲಿ ದೊರೆತಿವೆ. ಆದರೂ ಭಾಷೆ ಗೋಧಿಯನ್ನು ಅಕ್ಕಿಯಷ್ಟು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಗದ್ದೆಯಲ್ಲಿರುವಾಗ ನೆಲ್ಲು ಅಥವಾ ಭತ್ತ, ಹೊಟ್ಟು ತೆಗೆದ ಮೇಲೆ ಅಕ್ಕಿ, ಬೆಂದ ಮೇಲೆ ಕೂಳು ಅಥವಾ ಅನ್ನ ಎಂದು ಒಂದೇ ಕಾಳಿಗೆ ಹಂತಹಂತಕ್ಕೂ ಬೇರೆ ಹೆಸರಿಟ್ಟ ಕನ್ನಡ, ಗೋಧಿಗೆ ಹೊಲದಲ್ಲೂ ಕಣದಲ್ಲೂ ಡಬ್ಬಿಯಲ್ಲೂ ಗೋಧಿ ಎಂದೇ ಹೇಳುತ್ತದೆ. ಹೀಗೆ ಒಂದೇ ಪದಕ್ಕೆ ಎಲ್ಲ ಕೆಲಸವನ್ನೂ ಹೊರಿಸಿದ್ದರಿಂದ, ಭೇದಗಳನ್ನೆಲ್ಲ ಹಿಂದೆ ಸೇರುವ ವಿಶೇಷಣಗಳೇ ಹೊರಬೇಕಾಯಿತು. ಜವೆಗೋಧಿ ಅಂತಹದೊಂದು ಕೂಡುಪದ. ಓಟ್ಸ್‌ಗೆ ಕನ್ನಡದಲ್ಲಿ ‘ತೋಕೆಗೋಧಿ’ ಎಂಬ ಹೆಸರಿರುವುದೂ ಇದೇ ಜಾಡಿನಲ್ಲಿ. ಅದು ಗೋಧಿಯೇ ಅಲ್ಲ, ಆದರೂ ಗೋಧಿಯ ಹೆಸರನ್ನು ಬಾಲದಲ್ಲಿ ಕಟ್ಟಿಕೊಂಡಿದೆ.

ಹಾಗಾದರೆ ಗೋಧಿ ಯಾವುದು? ಸಸ್ಯಶಾಸ್ತ್ರದ ಪ್ರಕಾರ ಟ್ರಿಟಿಕಮ್ ಎಂಬ ಕುಲಕ್ಕೆ ಸೇರಿದ್ದೆಲ್ಲ ಗೋಧಿ. ಬಾರ್ಲಿ ಹಾರ್ಡಿಯಮ್ ಎಂಬ ಬೇರೆ ಕುಲದ್ದು. ರೈ ಮತ್ತು ಓಟ್ಸ್ ಕೂಡ ಬೇರೆ ಬೇರೆ ಕುಲದವು. ಎಲ್ಲವೂ ಹುಲ್ಲಿನ ಕುಟುಂಬದವೇ ಆದ್ದರಿಂದ ದಾಯಾದಿಗಳೆನ್ನಬಹುದು, ಒಡಹುಟ್ಟಿದವರಲ್ಲ. ಟ್ರಿಟಿಕಮ್ ಒಳಗೆ ಮೂರು ತಲೆಮಾರುಗಳನ್ನು ವರ್ಣತಂತುಗಳ ಲೆಕ್ಕದಿಂದಲೇ ಗುರುತಿಸಬಹುದು. ಐನ್‌ಕಾರ್ನ್ ಎಂಬ ಅತಿ ಹಳೆಯ ಗೋಧಿಗೆ 14 ವರ್ಣತಂತುಗಳು. ಕಾಡುಗೋಧಿಯೊಂದು ಅದರ ಹತ್ತಿರದ ಕಾಡುಹುಲ್ಲಿನೊಡನೆ ಬೆರೆತು ಹುಟ್ಟಿದ ಎಮ್ಮರ್ ಗೋಧಿಗೆ 28. ಎಮ್ಮರಿನ ಬಳಗದ ಸಾಗುವಳಿ ಗೋಧಿ ಕ್ಯಾಸ್ಪಿಯನ್ ಸಮುದ್ರದ ಆಸುಪಾಸಿನಲ್ಲಿ ಮತ್ತೊಂದು ಕಾಡುಹುಲ್ಲಿನೊಡನೆ ತಾನಾಗಿ ಬೆರೆತಾಗ, ಅಂದರೆ ಸುಮಾರು 8ರಿಂದ 10 ಸಾವಿರ ವರ್ಷಗಳ ಹಿಂದೆ, 42 ವರ್ಣತಂತುಗಳ ಸಾಮಾನ್ಯ ಗೋಧಿ ಹುಟ್ಟಿತು. ಇಂದು ಜಗತ್ತಿನಲ್ಲಿ ಬೆಳೆಯುವ ಗೋಧಿಯ ಬಹುಪಾಲು ಈ ಮೊಮ್ಮಗಳೇ. ಚಪಾತಿ, ಬ್ರೆಡ್ಡು, ಬಿಸ್ಕತ್ತು ಆಗುವುದು ಇದರಿಂದ. 28 ವರ್ಣತಂತುಗಳ ಸಾಲಿನಲ್ಲಿಯೇ ಹೊಟ್ಟು ಸುಲಭವಾಗಿ ಬಿಡುವ ಡ್ಯೂರಮ್ ಗೋಧಿಯೂ ಇದೆ. ಡ್ಯೂರಮ್ ಎಂದರೆ ಲ್ಯಾಟಿನ್‌ನಲ್ಲಿ ಗಟ್ಟಿ ಎಂದರ್ಥ. ಕಾಳು ಗಾಜಿನಂತೆ ಗಟ್ಟಿ, ಬಣ್ಣ ಜೇನಿನ ಹಳದಿ. ಪಾಸ್ತಾಕ್ಕೆ ಇದೇ ಬೇಕು, ನಮ್ಮಲ್ಲಿ ಬನ್ಸಿ ರವೆ ಎಂದು ಮಾರುವುದಕ್ಕೂ ಇದೇ ಮೂಲ.

ಚಿಕ್ಕಮ್ಮ ತಂದ ಜವೆಗೋಧಿ ಈ ಎಮ್ಮರ್. ಅದರ ಶಾಸ್ತ್ರೀಯ ಹೆಸರಿನಲ್ಲಿರುವ ‘ಡೈಕೊಕಮ್’ ಎಂಬ ಪದಕ್ಕೆ ಜೋಡಿಕಾಳಿನದು ಎಂದು ಅರ್ಥ, ಏಕೆಂದರೆ ತೆನೆಯ ಒಂದೊಂದು ಗೂಡಿನಲ್ಲಿಯೂ ಎರಡೆರಡು ಕಾಳುಗಳು ಹೊಟ್ಟಿನ ಒಳಗೆ ಬಿಗಿಯಾಗಿ ಕುಳಿತಿರುತ್ತವೆ. ಸಾಮಾನ್ಯ ಗೋಧಿಯನ್ನು ಒಕ್ಕಿದರೆ ಕಾಳು ಬೆತ್ತಲಾಗಿ ಉದುರುತ್ತದೆ. ಎಮ್ಮರನ್ನು ಒಕ್ಕಿದರೆ ತೆನೆ ಗೂಡುಗೂಡಾಗಿ ಮುರಿಯುತ್ತದೆಯೇ ಹೊರತು ಹೊಟ್ಟು ಬಿಡುವುದಿಲ್ಲ. ಅದನ್ನು ಭತ್ತದಂತೆ ಕುಟ್ಟಿ ಬಿಡಿಸಬೇಕು. ಬಾರ್ಲಿಯ ಸಿಪ್ಪೆಯೂ ಕಾಳಿಗೆ ಅಂಟಿಕೊಂಡೇ ಇರುತ್ತದೆ. ಅಂಗಡಿಯಲ್ಲಿ ಸಿಗುವ, ನಡುವೆ ಕಂದು ಗೆರೆಯಿರುವ ಬಿಳಿ ಬಾರ್ಲಿ ಸಿಪ್ಪೆಯನ್ನು ಉಜ್ಜಿ ತೆಗೆದದ್ದು. ಹೊಟ್ಟು ಬಿಡದ ಈ ಹಟ ಎರಡಕ್ಕೂ ಸಮಾನ. ಎರಡೂ ಒಂದೇ ಹೆಸರನ್ನು ಹಂಚಿಕೊಂಡದ್ದಕ್ಕೆ ಇದಕ್ಕಿಂತ ಸಹಜವಾದ ಕಾರಣ ನನಗೆ ತೋರುವುದಿಲ್ಲ: ಕುಟ್ಟುವ ಕೈಗೆ ಯಾವುದು ಜವೆಯಂತೆ ಕಂಡಿತೋ ಅದು ಜವೆಗೋಧಿ. ಇದೇ ಧಾನ್ಯಕ್ಕೆ ಉತ್ತರ ಕರ್ನಾಟಕದಲ್ಲಿ ‘ಸದಕ’ ಎಂಬ ಇನ್ನೊಂದು ಹೆಸರಿದೆ, ಮಹಾರಾಷ್ಟ್ರದಲ್ಲಿ ‘ಖಪಲಿ’, ತಮಿಳುನಾಡಿನಲ್ಲಿ ‘ಸಾಂಬಾ’ ಗೋಧಿ. ತುಕ್ಕು ರೋಗವನ್ನು ತಾಳಿಕೊಳ್ಳುವ ಗುಣವಿರುವುದರಿಂದ ತಳಿ ವಿಜ್ಞಾನಿಗಳಿಗೂ ಇದು ಬೇಕಾದದ್ದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ-1025, ಡಿಡಿಕೆ-1029 ಎಂಬ ಗಿಡ್ಡ ತಳಿಗಳನ್ನು ರೂಪಿಸಿದೆ. ಹುಗ್ಗಿಗೆ, ಶಾವಿಗೆಗೆ, ಸಜ್ಜಕಕ್ಕೆ ಇದರ ರುಚಿಯೇ ಬೇರೆ. ಹುಗ್ಗಿ ಎಂದೆನಲ್ಲ, ಅದೂ ಎರಡರ್ಥದ ಮಾತು: ಹುಬ್ಬಳ್ಳಿಯವರ ಹುಗ್ಗಿ ಗೋಧಿ ಬೆಲ್ಲದ್ದು, ಮೈಸೂರಿನವರ ಹುಗ್ಗಿ ಅಕ್ಕಿ ಹೆಸರುಬೇಳೆಯದು.

ಇತ್ತೀಚಿನ ವರ್ಷಗಳಲ್ಲಿ ಇದೇ ಸದಕ ‘ಖಪ್ಲಿ ಗೋಧಿ’, ‘ಎಮ್ಮರ್ ವೀಟ್’ ಎಂಬ ಚೀಟಿ ಹಚ್ಚಿಕೊಂಡು ನಗರಗಳ ಅಂಗಡಿಗಳಿಗೆ ದುಬಾರಿ ಬೆಲೆಗೆ ಬರುತ್ತಿದೆ. ಜೊತೆಗೆ ಒಂದು ಪ್ರಚಾರವೂ ಬರುತ್ತಿದೆ, ಇದರಲ್ಲಿ ಗ್ಲುಟನ್ ಇಲ್ಲವೆಂದು. ಇಲ್ಲಿ ಪದಗಳ ಗೊಂದಲ ಅಪಾಯದ ಗಡಿ ದಾಟುತ್ತದೆ. ಗ್ಲುಟನ್ ಎಂದರೇನೆಂದು ನೋಡಲು ಪ್ರಯೋಗಾಲಯ ಬೇಡ. ಗೋಧಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ಅರ್ಧ ಗಂಟೆ ನೆನೆಯಲು ಬಿಟ್ಟು, ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ನೀರು ತುಂಬಿದ ಬೋಗುಣಿಯಲ್ಲಿ ಮೆಲ್ಲಗೆ ಹಿಸುಕುತ್ತ ಹೋಗಬೇಕು. ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಅದು ಪಿಷ್ಟ. ಎರಡು ಮೂರು ಬಾರಿ ನೀರು ಬದಲಿಸಿದ ಮೇಲೆ ಅಂಗೈಯಲ್ಲಿ ಉಳಿಯುವುದು ಅಗಿದ ಚೂಯಿಂಗ್ ಗಮ್‌ನಂತಹ, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ, ಬೂದು ಹಳದಿಯ ಒಂದು ಮುದ್ದೆ. ಅದೇ ಗ್ಲುಟನ್, ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳು ನೀರು ಸೇರಿದಾಗ ಹೆಣೆದುಕೊಳ್ಳುವ ಬಲೆ. ಇದೇ ಪ್ರಯೋಗವನ್ನು ಬಾರ್ಲಿ ಹಿಟ್ಟಿನಲ್ಲಿ ಮಾಡಿದರೆ ಕೈಯಲ್ಲಿ ಏನೂ ನಿಲ್ಲದೆ ಎಲ್ಲವೂ ಕರಗಿ ಹೋಗುತ್ತದೆ. ಜವೆಗೋಧಿಯ ಬಲೆ ಸಾಮಾನ್ಯ ಗೋಧಿಯದಕ್ಕಿಂತ ದುರ್ಬಲವಾದ್ದರಿಂದ ಅದರ ಬ್ರೆಡ್ಡು ಅಷ್ಟಾಗಿ ಉಬ್ಬುವುದಿಲ್ಲ. ಆದರೆ ಬಲೆ ದುರ್ಬಲವೆಂದರೆ ಗ್ಲುಟನ್ ಇಲ್ಲವೆಂದಲ್ಲ. ಗ್ಲುಟನ್ ಸೇರಿದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇರುವವರಿಗೆ ಬಲೆಯ ಬಿಗಿ ಮುಖ್ಯವಲ್ಲ, ಆ ಜಾತಿಯ ಪ್ರೋಟೀನು ಇದೆಯೇ ಎಂಬುದಷ್ಟೇ ಮುಖ್ಯ. ಸಾಮಾನ್ಯ ಗೋಧಿ, ಡ್ಯೂರಮ್, ಜವೆಗೋಧಿ ಮಾತ್ರವಲ್ಲ, ಅದೇ ಬಗೆಯ ಪ್ರೋಟೀನುಗಳಿರುವ ಬಾರ್ಲಿ ಮತ್ತು ರೈ ಕೂಡ ಅವರಿಗೆ ವರ್ಜ್ಯ. ಸಕ್ಕರೆ ಕಾಯಿಲೆಯವರ ಗೋಧಿ ಎಂಬ ಇನ್ನೊಂದು ಬಿರುದನ್ನೂ ಇದಕ್ಕೆ ಕೊಟ್ಟಿದ್ದಾರೆ. ನಾರು ಹೆಚ್ಚಿರುವುದು, ನಿಧಾನವಾಗಿ ಜೀರ್ಣವಾಗುವುದು ಇದರ ಅನುಕೂಲಗಳೇ ಸರಿ, ಆದರೂ ಇದರ ಬಹುಭಾಗ ಪಿಷ್ಟವೇ ಆದ್ದರಿಂದ ತಟ್ಟೆಯಲ್ಲಿ ಲೆಕ್ಕ ತಪ್ಪಿಸಿ ಕೂರುವ ಧಾನ್ಯವಲ್ಲ ಅದು.

ಇದಕ್ಕೆ ತದ್ವಿರುದ್ಧವಾದ ಪ್ರಕರಣ ಬಕ್‌ವೀಟ್. ಇಂಗ್ಲಿಷ್ ಹೆಸರಿನಲ್ಲಿ ವೀಟ್ ಇದೆ, ಅದನ್ನು ನಂಬಿ ಕನ್ನಡಕ್ಕೆ ತರುವವರು ಒಂದು ಗೋಧಿಯನ್ನು ಸೇರಿಸಿಬಿಡುತ್ತಾರೆ. ಉತ್ತರ ಭಾರತದವರು ಉಪವಾಸದ ದಿನ ತಿನ್ನುವ ಕುಟ್ಟು ಎಂಬುದು ಅದೇ. ಅದು ಹುಲ್ಲಿನ ಜಾತಿಯೂ ಅಲ್ಲ, ಅದರಲ್ಲಿ ಗ್ಲುಟನ್ನೂ ಇಲ್ಲ. ಗೋಧಿ ತಿನ್ನಬಾರದ ದಿನ ಅದನ್ನು ತಿನ್ನಬಹುದಾದದ್ದು ಅದು ಗೋಧಿ ಅಲ್ಲವಾದ್ದರಿಂದಲೇ. ಅಂದಹಾಗೆ ಇಂಗ್ಲಿಷಿನವರ ಮನೆಯಲ್ಲೂ ಇಂತಹ ಗೊಂದಲಗಳು ಕಡಿಮೆಯೇನಲ್ಲ. ಅವರ ‘ವೀಟ್’ ಎಂಬ ಪದ ಬಿಳಿ ಎಂಬರ್ಥದ ಪದದ ಬೇರಿನಿಂದಲೇ ಬಂದದ್ದು, ಹಿಟ್ಟಿನ ಬಣ್ಣದಿಂದ. ‘ಕಾರ್ನ್’ ಎಂದರೆ ಇಂಗ್ಲೆಂಡಿನಲ್ಲಿ ಬಹುಕಾಲ ಗೋಧಿ, ಸ್ಕಾಟ್ಲೆಂಡಿನಲ್ಲಿ ಓಟ್ಸ್, ಅಮೆರಿಕದಲ್ಲಿ ಮೆಕ್ಕೆಜೋಳ. ಯಾವ ನಾಡಿನಲ್ಲಿ ಯಾವ ಬೆಳೆ ಮುಖ್ಯವೋ ಅದೇ ಧಾನ್ಯವೆಂಬ ಪದವನ್ನು ತನ್ನದಾಗಿಸಿಕೊಳ್ಳುತ್ತದೆ. ನಮ್ಮಲ್ಲಿಯೂ ‘ಹಿಟ್ಟು’ ಎಂದಷ್ಟೇ ಅಂದರೆ ಮಂಡ್ಯ, ತುಮಕೂರಿನ ಕಡೆಯ ಹಳ್ಳಿಗಳಲ್ಲಿ ರಾಗಿಯದು, ಮುದ್ದೆಯೇ ಹಿಟ್ಟು. ವಿಜಯಪುರದ ಕಡೆ ಹೋದರೆ ಜೋಳದ್ದು.

ಈ ನಿಯಮಕ್ಕೆ ನನಗೆ ಅತ್ಯಂತ ಪ್ರಿಯವಾದ ಸಾಕ್ಷಿ ನಮ್ಮ ಅಡುಗೆಮನೆಯ ‘ಕಣಕ’. ಒಬ್ಬಟ್ಟಿಗೆಂದು ಮೈದಾ ಅಥವಾ ಚಿರೋಟಿ ರವೆಯನ್ನು ಚಿಟಿಕೆ ಅರಿಸಿನ ಹಾಕಿ ಮೆತ್ತಗೆ ಕಲಸಿ, ಮೇಲೆ ಎಣ್ಣೆ ಸುರಿದು, ಗಂಟೆಗಟ್ಟಲೆ ನೆನೆಯಲು ಬಿಟ್ಟು, ಮತ್ತೆ ನಾದಿ, ಹೂರಣವನ್ನು ಒಳಗಿಟ್ಟು ಎಳೆದು ಮುಚ್ಚುವ ಹೊದಿಕೆಯೇ ಕಣಕ. ಸರಿಯಾಗಿ ನೆಂದ ಕಣಕವನ್ನು ಎರಡು ಬೆರಳಿನಲ್ಲಿ ಹಿಡಿದು ಮೇಲೆತ್ತಿದರೆ ಅದು ಹರಿಯದೆ ಪರದೆಯಂತೆ ಇಳಿಯುತ್ತದೆ. ಬೋಗುಣಿಯಲ್ಲಿ ನಾವು ತೊಳೆದು ಹೊರತೆಗೆದ ಆ ಬಲೆಯೇ ಇಲ್ಲಿ ಎಣ್ಣೆ ಕುಡಿದು ಮೆತ್ತಗಾಗಿರುವುದು. ಮರಾಠಿಯಲ್ಲಿ ‘ಕಣೀಕ’ ಎಂದರೆ ಗೋಧಿ ಹಿಟ್ಟು ಅಥವಾ ಅದನ್ನು ಕಲಸಿದ ಮುದ್ದೆ. ಪಂಜಾಬಿಗೆ ಹೋದರೆ ‘ಕಣಕ್’ ಎಂದರೆ ಸಾಕ್ಷಾತ್ ಗೋಧಿ, ಹೊಲದಲ್ಲಿ ನಿಂತಿರುವ ಬೆಳೆ. ಮೂರೂ ಸಂಸ್ಕೃತದಲ್ಲಿ ನುಚ್ಚು, ಸಣ್ಣ ಹರಳು ಎಂಬರ್ಥವುಳ್ಳ ‘ಕಣಿಕ’ ಶಬ್ದದ ಮಕ್ಕಳು. ಗೋಧಿಯೇ ಬದುಕಾದ ಪಂಜಾಬಿನಲ್ಲಿ ‘ಕಾಳು’ ಎಂದರೆ ಗೋಧಿಯೆಂದೇ ಆಯಿತು; ಗೋಧಿ ಹಬ್ಬಕ್ಕೆ ಮಾತ್ರ ಬರುತ್ತಿದ್ದ ನಮ್ಮಲ್ಲಿ ಅದೇ ಪದ ಹೋಳಿಗೆಯ ಮೇಲುಹೊದಿಕೆಯಷ್ಟೇ ಆಗಿ ಉಳಿಯಿತು.

ಗೋಧಿ ಗಿರಣಿಗೆ ಹೋದ ಮೇಲೆ ಹುಟ್ಟುವ ಪದಗಳದು ಇನ್ನೊಂದು ಗುಂಪು. ಕಾಳಿನ ತೂಕದಲ್ಲಿ ಸುಮಾರು ಶೇಕಡ 83ರಷ್ಟು ಒಳಗಿನ ಬಿಳಿಯ ತಿರುಳು, 14ರಷ್ಟು ಹೊರಗಿನ ತೌಡು, ಉಳಿದ 3ರಷ್ಟು ಮೊಳಕೆ. ಮೂರನ್ನೂ ಒಟ್ಟಿಗೆ ಬೀಸಿದರೆ ಗೋಧಿ ಹಿಟ್ಟು. ತಿರುಳನ್ನು ಮಾತ್ರ ನುಣ್ಣಗೆ ಬೀಸಿದರೆ ಮೈದಾ. ತಿರುಳನ್ನು ತರಿಯಾಗಿ ಒಡೆದು ಜರಡಿ ಹಿಡಿದರೆ ರವೆ. ಆದರೆ ರವೆ ಎಂಬುದು ತರಿಯ ಹೆಸರೇ ಹೊರತು ಧಾನ್ಯದ ಹೆಸರಲ್ಲ: ಇಡ್ಲಿ ರವೆ ಅಕ್ಕಿಯದು, ಉಪ್ಪಿಟ್ಟಿನ ರವೆ ಗೋಧಿಯದು. ಸಿಪ್ಪೆಸಮೇತ ಒರಟಾಗಿ ಒಡೆದದ್ದು ಗೋಧಿ ನುಚ್ಚು, ಕರಾವಳಿಯವರ ‘ಗೋಧಿ ಕಡಿ’, ಹಿಂದಿಯವರ ದಲಿಯಾ. ನೋಡಲು ಇದರಂತೆಯೇ ಇರುವ ಬಲ್ಗರ್ ಬೇರೆ. ಅದು ಗೋಧಿಯನ್ನು ಮೊದಲು ಬೇಯಿಸಿ, ಒಣಗಿಸಿ, ಆಮೇಲೆ ಒಡೆದದ್ದು. ಅದಕ್ಕೂ ನುಚ್ಚಿಗೂ ಇರುವ ಅಂತರ ಕುಸುಬಲಕ್ಕಿಗೂ ಬೆಳ್ತಿಗೆ ಅಕ್ಕಿಗೂ ಇರುವ ಅಂತರದಂತಹದು.

ಪರದೇಶದಲ್ಲಿ ಸಂಸಾರ ಹೂಡುವ ಕನ್ನಡಿಗರು ಮೊದಲ ತಿಂಗಳಲ್ಲೇ ಎಡವುವುದು ಈ ಗುಂಪಿನ ಪದಗಳಲ್ಲಿ. ಕನ್ನಡದಲ್ಲಿ ಗೋಧಿ ಹಿಟ್ಟು ಎಂದರೆ ತೌಡುಸಹಿತವಾದದ್ದು ಎಂದು ಹೇಳಬೇಕಾಗಿಯೇ ಇಲ್ಲ; ತೌಡು ತೆಗೆದದ್ದಕ್ಕೆ ಮೈದಾ ಎಂಬ ಬೇರೆ ಹೆಸರೇ ಇದೆ. ಅಮೆರಿಕದ ಅಂಗಡಿಯಲ್ಲಿ ವಿಶೇಷಣವಿಲ್ಲದ ‘ವೀಟ್ ಫ್ಲೋರ್’ ಎಂದರೆ ಬಿಳಿ ಹಿಟ್ಟು, ಅಂದರೆ ನಮ್ಮ ಮೈದಾದ ನೆಂಟ. ತೌಡು ಇರಬೇಕಾದರೆ ಮುಂದೆ ‘ಹೋಲ್’ ಎಂಬ ಮಾತು ಇರಬೇಕು. ನಮ್ಮೂರ ಬಿಸ್ಕತ್ತಿನ ಪೊಟ್ಟಣದ ಹಿಂದೆ ‘ರಿಫೈನ್ಡ್ ವೀಟ್ ಫ್ಲೋರ್’ ಎಂದು ಓದಿ ಗೋಧಿ ಬಿಸ್ಕತ್ತೆಂದು ಸಮಾಧಾನಪಡುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಅದು ಮೈದಾ.

ತೌಡಿನ ವಿಷಯಕ್ಕೆ ಬಂದರೆ, ಅಕ್ಕಿಯದನ್ನು ತೌಡು ಎಂದೂ ಗಿರಣಿಯಿಂದ ಬರುವ ಗೋಧಿಯದನ್ನು ಬೂಸಾ ಎಂದೂ ಕರೆಯುವುದು ದನ ಕಟ್ಟಿದವರ ರೂಢಿ. ಹಿಂದಿಯಲ್ಲಿ ‘ಭೂಸಾ’ ಎಂದರೆ ಒಕ್ಕಿದ ಮೇಲೆ ಉಳಿಯುವ ಪುಡಿ ಹುಲ್ಲು, ಹೊಟ್ಟು. ಕನ್ನಡಕ್ಕೆ ಬಂದಾಗ ಅದು ಕಾಳಿನ ಮೇಲುಸಿಪ್ಪೆಯ ಹೆಸರಾಯಿತು. 1973ರ ನವೆಂಬರ್‌ನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆಯೆಂಬ ಅರ್ಥದ ಮಾತನಾಡಿದಾಗ ರಾಜ್ಯವೇ ಹೊತ್ತಿಕೊಂಡಿತು. ಆ ವಿವಾದ ಬೂಸಾ ಪ್ರಕರಣವೆಂದೇ ಇತಿಹಾಸದಲ್ಲಿ ನಿಂತಿತು. ದನಗಳು ಆಸೆಯಿಂದ ತಿನ್ನುವ ಪೌಷ್ಟಿಕ ಮೇವು ಮಾತಿನಲ್ಲಿ ಬೈಗುಳವಾದದ್ದನ್ನು ನೋಡಿದರೆ, ತೌಡು ತೆಗೆದ ಬಿಳಿ ಹಿಟ್ಟಿಗೆ ಆ ಕಾಲದ ಮನೆಗಳಲ್ಲಿ ಎಷ್ಟು ಮಾನವಿತ್ತು ಎಂಬುದೂ ತಿಳಿಯುತ್ತದೆ.

ಅಂಗಡಿಯ ಮಾತಿನಲ್ಲಿ ಕೇಳುವ ‘ಲೋಕ್ವನ್’ ಗೋಧಿ ಊರಿನ ಹೆಸರೂ ಅಲ್ಲ, ಲೋಕ ಮತ್ತು ವನ ಕೂಡಿ ಆದದ್ದೂ ಅಲ್ಲ. ಗುಜರಾತಿನ ಸಣೋಸರಾದ ಲೋಕಭಾರತಿ ಸಂಸ್ಥೆಯಲ್ಲಿ ರೂಪುಗೊಂಡ ‘ಲೋಕ್-1’ ಎಂಬ ತಳಿಯ ಹೆಸರಿನಲ್ಲಿರುವ ಅಂಕಿಯನ್ನು ವ್ಯಾಪಾರಿಗಳು ಇಂಗ್ಲಿಷಿನಲ್ಲಿ ಓದಿದ್ದರಿಂದ ಹುಟ್ಟಿದ ಪದ.

ಇನ್ನು ಹೊಲಕ್ಕೂ ಗಿರಣಿಗೂ ಸಂಬಂಧವಿಲ್ಲದ ಒಂದು ಗೋಧಿ ಉಳಿದಿದೆ. ಪತ್ರಿಕೆಗಳ ಒಳಪುಟದಲ್ಲಿ ಕಾಣೆಯಾದವರ ಚಹರೆಯನ್ನು ಪೊಲೀಸರು ‘ಕೋಲು ಮುಖ, ಗೋಧಿ ಮೈಬಣ್ಣ’ ಎಂದು ಬರೆಸುತ್ತಾರೆ; ಹಾವು ಹಿಡಿಯುವವರು ‘ಗೋಧಿ ನಾಗರ’ ಎನ್ನುತ್ತಾರೆ. ಕಪ್ಪೂ ಅಲ್ಲದ ಬಿಳಿಯೂ ಅಲ್ಲದ ನಡುವಣ ಬಣ್ಣಕ್ಕೆ ಕನ್ನಡ ಕಂಡುಕೊಂಡ ಹೆಸರು ಇದು. ಆದರೆ ಡ್ಯೂರಮ್ ಜೇನಿನ ಬಣ್ಣದ್ದು, ಲೋಕ್ವನ್ ತಿಳಿಹಳದಿ, ಚಿಕ್ಕಮ್ಮನ ಡಬ್ಬಿಯಲ್ಲಿರುವ ಸದಕ ಇಟ್ಟಿಗೆಯ ಕೆಂಪಿಗೆ ಹತ್ತಿರ. ಕಾಣೆಯಾದವರು ಇವುಗಳಲ್ಲಿ ಯಾವ ಗೋಧಿಯ ಬಣ್ಣದವರು ಎಂದು ಯಾವ ಪ್ರಕಟಣೆಯೂ ಹೇಳಿದ್ದನ್ನು ನಾನು ನೋಡಿಲ್ಲ.